ಅಳತೆ ಪುಸ್ತಕ

ಕೇಪ್ ಕೋಸ್ಟಿನ ಕಡಲಿಗೆ ಬೆನ್ನು ಮಾಡಿ ಕೂತ ಅಂಗಡಿ ನನ್ನದು.
ತಗಡಿನ ಮಾಡು, ಕಾಲಲ್ಲಿ ತುಳಿಯುವ ಮಿಷನ್ನು,
ಮೊಳೆಗೆ ನೇತುಬಿದ್ದ ಹದಿನೇಳು ವರ್ಷದ ಅಳತೆ ಪುಸ್ತಕ.
ಓಣಿಯ ಹೆಂಗಸರೆಲ್ಲ ಅದರೊಳಗೆ ಇಂಚಿಂಚಾಗಿ ಮಲಗಿದ್ದಾರೆ:
ಯಾರು ಬಸುರಿ, ಯಾರು ಬಡವಾದರು,
ಮೀನಿನ ಬೋಗುಣಿ ಹೊತ್ತು ಹೊತ್ತು ಯಾರ ಕತ್ತು ದಪ್ಪಗಾಯಿತು,
ಗಂಡಂದಿರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತು.

ಅರಾಬಾ ಬಂದದ್ದು ಮಂಗಳವಾರ.
ಅಂದು ದೋಣಿ ಇಳಿಸುವುದಿಲ್ಲ ನಮ್ಮವರು; ಅವಳ ಹೊಗೆಗೂಡಿಗೂ ರಜ.
ಅಕ್ಕನ ಮಗಳ ಮದುವೆಗೆ ಕಾಬಾ ಬೇಕಂತೆ,
ಹೆಗಲಲ್ಲಿ ಬುಗ್ಗೆ ತೋಳು, ಬೆನ್ನಿಗೆ ಜಿಪ್ಪು.
ತೋಳು ಎತ್ತು ಎಂದೆ. ಎತ್ತಿದಳು.
ಎಡದ ಮೊಲೆಯ ಅಡಿಯಲ್ಲೊಂದು ಗುಳಿ.

ಬಟ್ಟೆಯಲ್ಲಿ ನೂರು ಸಲ ಕಂಡಿದ್ದೇನೆ ಅದನ್ನು:
ಅಸ್ತರಿನೊಳಗೆ ಎಲ್ಲೋ ಒಂದೆಳೆ ಸಿಕ್ಕಿ ಬಿಗಿದರೆ
ಮೇಲಿನ ರೇಷ್ಮೆ ಹೀಗೇ ಒಳಗೆ ಸೇದುತ್ತದೆ,
ಇಸ್ತ್ರಿಗೆ ಬಗ್ಗುವುದಿಲ್ಲ.
ಸುತ್ತ ತೊಗಲು ಕಿತ್ತಳೆ ಸಿಪ್ಪೆಯ ಹಾಗೆ ಚುಕ್ಕಿಚುಕ್ಕಿ.
ಹೋದ ವರ್ಷ ಎದುರು ನೋಡುತ್ತಿದ್ದ ತೊಟ್ಟು
ಯಾರೋ ಗದರಿದಂತೆ ಒಳಗೆ ಸರಿದಿದೆ.

ಇದೇ ಗುಳಿ ಕ್ವಾನ್ಸಿಮಾಳಿಗೂ ಇತ್ತು, ಒಂಬತ್ತು ವರ್ಷದ ಹಿಂದೆ.
ಆಗ ಏನು ಮಾಡಿದೆ?
ಬಾಯಿಗೆ ಬೀಗ ಹಾಕಿ ಜಾಣತನವನ್ನೆಲ್ಲ ಬೆರಳಲ್ಲಿ ತೋರಿಸಿದೆ.
ಒಂದು ಡಾರ್ಟು ಬಿಚ್ಚಿ, ಎರಡು ನೆರಿಗೆ ಕೂಡಿಸಿ
ಯಾರಿಗೂ ಕಾಣದ ಹಾಗೆ ಹೊಲಿದು ಕೊಟ್ಟೆ.
ಎಷ್ಟು ಚೆಂದ ಕೂತಿದೆ ಎಂದಳು. ಎರಡು ಸೆಡಿ ಹೆಚ್ಚು ಕೊಟ್ಟಳು.
ಆಮೇಲೆ ಹೊಲಿದದ್ದು ಕೆಂಪು-ಕಪ್ಪು ಸಾವಿನ ಬಟ್ಟೆ,
ಅವಳ ಮನೆಯವರಿಗೆಲ್ಲ, ಹದಿನಾಲ್ಕು ಜೊತೆ, ಒಂದೇ ವಾರದಲ್ಲಿ.
ಆ ಕೂಲಿಯಲ್ಲಿ ಕೊಂಡದ್ದು
ಈ ಕತ್ತರಿ.

ಅದನ್ನು ಕೆಳಗಿಟ್ಟೆ.
"ಇದು ಯಾವಾಗಿನಿಂದ, ಅರಾಬಾ?"
ಬಗ್ಗಿ ನೋಡಿಕೊಂಡಳು. "ಓ, ಅದಾ. ನೋವಿಲ್ಲವಲ್ಲ."
ನೋವಿಲ್ಲ.
ಅಳುವ ಕೂಸನ್ನಷ್ಟೇ ಎತ್ತಿಕೊಂಡು ರೂಢಿ ನಮಗೆ,
ಮೂಲೆಯಲ್ಲಿ ಸದ್ದಿಲ್ಲದೆ ಬೆಳೆಯುವುದರ ಕಡೆ ಯಾರು ತಿರುಗುತ್ತಾರೆ?
"ಐದು ಮಕ್ಕಳು ಕುಡಿದ ಮೊಲೆ. ಇದಕ್ಕೇನಾಗುತ್ತೆ?
ನಾದಿನಿಯ ಕಣ್ಣು ಬಿದ್ದಿದೆ, ಪಾದ್ರಿ ಎಣ್ಣೆ ಕೊಟ್ಟಿದ್ದಾರೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಇದು ಅಂಗೈ ಅಲ್ಲ.
ನಿಲುಗನ್ನಡಿ ಅವಳ ಕಡೆ ತಿರುಗಿಸಿದೆ,
ಅವಳ ಮೂರು ಬೆರಳು ಹಿಡಿದು ಅಲ್ಲಿಟ್ಟೆ.
ಕೆಂಕಿಗೆ ನಾದಿದ ಹಿಟ್ಟಿನಲ್ಲಿ ಅರೆಯದೆ ಉಳಿದ ಜೋಳದ ಕಾಳು,
ಒತ್ತಿದರೆ ಜಾರದು, ಬೇರು ಬಿಟ್ಟ ಹಾಗೆ.
ಬಲಗಡೆ ತಾನೇ ಮುಟ್ಟಿಕೊಂಡಳು. ಮತ್ತೆ ಎಡ.
ಹೊರಗೆ ಆಡೊಂದು ನನ್ನ ಚಿಂದಿ ಬುಟ್ಟಿಗೆ ಬಾಯಿ ಹಾಕಿತ್ತು.
ಇಬ್ಬರೂ ಓಡಿಸಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಸೂಜಿ ಹಾಕಿ ಒಂದೆಳೆ ತೆಗೆದರು.
ಕ್ಯಾನ್ಸರ್, ಎಂದಳಂತೆ ಎಳೆ ವಯಸ್ಸಿನ ಡಾಕ್ಟರು.
ಕಣ್ಣೂ ಅಲ್ಲ, ಶಾಪವೂ ಅಲ್ಲ. ನಿನ್ನದೇ ಮೈಯ ಕಣ,
ನಿಲ್ಲು ಎಂದಲ್ಲಿ ನಿಲ್ಲುವುದನ್ನು ಮರೆತಿದೆ.
ಅರಾಬಾ ಬಂದು ಹೇಳಿದಾಗ ನನಗೆ ಥಟ್ಟನೆ ಅರ್ಥವಾಯಿತು:
ಕಾಲು ತೆಗೆದ ಮೇಲೂ ಓಡುವ ಮಿಷನ್ನು,
ಬಟ್ಟೆ ಮುಗಿದರೂ ಹೊಲಿಯುತ್ತ, ಮೇಜಿಗೆ, ಬೆರಳಿಗೆ.

ಮದುವೆಗೆ ಅವಳು ಹೋಗಲಾಗಲಿಲ್ಲ. ಕತ್ತರಿಸದ ಬಟ್ಟೆ
ನನ್ನ ಕಪಾಟಿನಲ್ಲೇ ಒಂದು ಮಳೆಗಾಲ ಕಳೆಯಿತು.

ಈಗ ಆ ಹುಡುಗಿ ಬಾಣಂತಿ.
ನಾಮಕರಣಕ್ಕೆ ಬಿಳಿ ಕಾಬಾ ಬೇಕೆಂದು ಬಂದಿದ್ದಾಳೆ ಅರಾಬಾ,
ತಲೆವಸ್ತ್ರದಡಿ ಹೊಸ ಕೂದಲು, ಕುರಿಮರಿಯ ಉಣ್ಣೆ.
ಟೇಪು ಎಡಗಡೆ ಸಪಾಟಾಗಿ ಜಾರಿತು, ನಾನು ತಡವರಿಸಿದೆ.
"ಬರೆದುಕೋ," ಎಂದಳು. "ಹತ್ತಿ ತುರುಕಬೇಡ.
ಒಂದು ಕಡೆ ಇಲ್ಲ, ಕೂಲಿ ಅರ್ಧ ಮಾಡು."
"ಒಂದೇ ಕಡೆಗೆ ಹೊಲಿಯುವುದೇ ಕಷ್ಟ. ದುಪ್ಪಟ್ಟು ಕೊಡು."

ನಕ್ಕಳು. ಮೊಳೆಯಿಂದ ಪುಸ್ತಕ ಇಳಿಸಿ
ಹಿಂದಿನಿಂದ ಮುಂದಕ್ಕೆ ತಿರುವಿದಳು, ಅಕ್ಷರ ಬಲ್ಲವಳ ಹಾಗೆ.
"ಇದರಲ್ಲಿ ನೀನೆಲ್ಲಿ?"
ನಾನೆಲ್ಲೂ ಇರಲಿಲ್ಲ.
ಕೊರಳಿನ ಟೇಪು ಕಿತ್ತುಕೊಂಡಳು.
"ತೋಳು ಎತ್ತು, ಮಾನ್ಸಾ."

ಬಾಗಿಲಾದರೂ ಹಾಕೇ, ಎಂದೆ.